ಎತ್ತಿನಗಾಡಿ ಶರ್ಯತ್ತು
ತೆಲಸಂಗ ಗ್ರಾಮವಿರುವ ಅಥಣಿ ಸೀಮೆಯಲ್ಲೂ ನೆರೆಯ ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗಗಳಲ್ಲೂ ಜಾತ್ರೆಯ ಅಂಗವಾಗಿ ಶರ್ಯತ್ತು, ಎಂದರೆ ಬಹುಮಾನವಿಟ್ಟು ನಡೆಸುವ ಗಾಡಿ ಓಟ, ಏರ್ಪಡುತ್ತದೆ. ಇದಕ್ಕೆ ಹೂಡುವ ಖಿಲಾರಿ ಎತ್ತು ಕರ್ನಾಟಕ–ಮಹಾರಾಷ್ಟ್ರದ ಈ ಗಡಿನಾಡಿನದೇ ತಳಿಯಾಗಿದ್ದು, ಬೂದುಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೇರುವ ನೀಳ ಕೊಂಬು ಹಾಗೂ ಗಟ್ಟಿ ಗೊರಸುಗಳಿಂದ ಎದ್ದು ಕಾಣುತ್ತದೆ. ಕೆಲವು ಪಂದ್ಯಗಳಲ್ಲಿ ನೊಗದ ಒಂದು ಬದಿಗೆ ಎತ್ತನ್ನೂ ಇನ್ನೊಂದು ಬದಿಗೆ ಕುದುರೆಯನ್ನೂ ಕಟ್ಟುವುದುಂಟು. ಓಟದ ಗಾಡಿ ಹೊಲದ ಚಕ್ಕಡಿಗಿಂತ ಬಹಳ ಹಗುರವಾಗಿದ್ದು, ವೇಗ ಕೊಡುವ ಆ ಹಗುರತನವೇ, ಗಾಡಿಗಳು ಒತ್ತೊತ್ತಾಗಿ ಓಡುವಾಗ ಗಾಲಿಗೆ ಗಾಲಿ ತಾಗಿ ಮಗುಚುವುದಕ್ಕೂ ಕಾರಣವಾಗುತ್ತದೆ. ವೇಗ ತರುವ ಇಂಥ ಅಪಾಯ ಕಾರು ಓಟದಲ್ಲೂ ಉಂಟು. ಅಮೆರಿಕದ ಟ್ಯಾಲಡಿಗಾದ 4.28 ಕಿ.ಮೀ. ಉದ್ದದ ಕಾರುಪಥದಲ್ಲಿ 1987ರಲ್ಲಿ ಕಾರೊಂದು ಪ್ರೇಕ್ಷಕರ ಮುಂದಿನ ಬೇಲಿಗೆ ಅಪ್ಪಳಿಸಿದ ಬಳಿಕ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ರಂಧ್ರಫಲಕವನ್ನು 1988ರಿಂದ ಅಳವಡಿಸಿ ವೇಗಕ್ಕೆ ಮಿತಿ ಹಾಕಲಾಯಿತು. ಎತ್ತಿನ ಓಟದಲ್ಲಿ ಅಂಥ ಸಾಧನವಿಲ್ಲ. ಹಗ್ಗ ಹಿಡಿದವನ ಹದವರಿತ ಕೈಯೇ ಮಿತಿ, ಮತ್ತು ಪೆಟ್ಟು ಮೂಕಪ್ರಾಣಿಗೂ ಬೀಳುವುದರಿಂದ ಇದನ್ನು ಬರಿಯ ಸಾಹಸವೆಂದು ಕೊಂಡಾಡುವುದು ನ್ಯಾಯವಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಇಂಥ ಓಟಗಳನ್ನು ನಿಷೇಧಿಸಿತು. ಇವುಗಳಿಗೆ ಅನುಮತಿ ಕೊಡಲು ಕರ್ನಾಟಕ 2017ರಲ್ಲಿ ತಂದ ಕಾನೂನು ತಿದ್ದುಪಡಿಯನ್ನು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದ ಮೇಲೆ, ಷರತ್ತುಗಳಿಗೆ ಒಳಪಟ್ಟು ಓಟ ನಡೆಸಲು ಅವಕಾಶವಿದೆ.