ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ: ಜಾವಾ, ರೋಡ್‌ಕಿಂಗ್, ಹೊಸ ಜಾವಾ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ 250 ಸಿಸಿ ಜಾವಾದಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. ಕಿಕ್ ಹೊಡೆಯುವುದೂ ಅದೇ ಲಿವರ್‌ನಿಂದ. ಹನೂರು ದಾಟಿ ತಾಳಬೆಟ್ಟದಿಂದ ಏರುವ ತಿರುವುಗಳಲ್ಲಿ ಈ ಕ್ಲಚ್ ದೊಡ್ಡ ಅನುಕೂಲ. ಇಳಿಯುವಾಗ ಮಾತ್ರ ಎಚ್ಚರ ಬೇಕು. ಟೂ-ಸ್ಟ್ರೋಕ್ ಎಂಜಿನ್ ಗಾಡಿಯನ್ನು ಅಷ್ಟಾಗಿ ತಡೆಯದು, ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಬಹಳ ದೂರ ಇಳಿದರೆ ಎಂಜಿನ್ನಿಗೆ ಸಿಗುವ ಆಯಿಲೂ ಕಡಿಮೆ. ಅದೇ ಕಾರ್ಖಾನೆಯ 1978ರ ಯೆಜ್ಡಿ ರೋಡ್‌ಕಿಂಗ್ ಇನ್ನೂ ಚುರುಕು. ಏರಿಗೆ ಅದನ್ನು ಮೀರಿಸಿದ್ದಿಲ್ಲ ಎನ್ನಬೇಕು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬಂದ ಹೊಸ ಜಾವಾ 293 ಸಿಸಿಯ ಫೋರ್-ಸ್ಟ್ರೋಕ್: ಆರು ಗೇರ್, ಮುಂದೆ ಡಿಸ್ಕ್ ಬ್ರೇಕ್. ಟೂ-ಸ್ಟ್ರೋಕ್ ಸದ್ದು ಇದಕ್ಕಿಲ್ಲ. ಇಳಿಜಾರಿನಲ್ಲಿ ನಂಬಬೇಕಾದ ಗಾಡಿ ಮಾತ್ರ ಇದೇ.