ಪೆಟ್ರೋಲ್ ಆವಿ ಅಳೆದ ಕಥೆ | ಭಾಗ 6

ಫೋಟೋದಲ್ಲಿರೋ ಕಪ್ಪು ಡಬ್ಬಿಯ ಗುರುತು ಸಿಕ್ತಾ? 2017ರ ನಂತರ ತಯಾರಾದ ಸ್ಕೂಟರ್ ನಿಮ್ಮನೇಲಿದ್ರೆ ಅದರಲ್ಲೂ ಇರುತ್ತೆ. ಹೆಸರು ಕ್ಯಾನಿಸ್ಟರ್. ಒಳಗಿರೋದು ಒಂಥರಾ ಇದ್ದಿಲು. ಟ್ಯಾಂಕಿನಿಂದ ಏಳೋ ಪೆಟ್ರೋಲ್ ಆವಿಯನ್ನು ಅದು ಹಿಡಿದಿಡುತ್ತೆ; ಗಾಡಿ ಓಡುವಾಗ ಎಂಜಿನ್ ಆ ಆವಿಯನ್ನು ಎಳ್ಕೊಂಡು ಸುಡುತ್ತೆ.

ಆವಿ ಹೋದ್ರೆ ಹೋಗ್ಲಿ, ಹೊಗೆ ಬರೋದು ಸೈಲೆನ್ಸರಿಂದ ಅಲ್ವಾ ಅಂತೀರಾ?

1950ರ ಆಸುಪಾಸು. ಅಮೆರಿಕದ ಲಾಸ್ ಏಂಜಲೀಸಲ್ಲಿ ಕಣ್ಣುರಿಸುವ ಮಬ್ಬು. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಜೊತೆ ಸುಡದ ಪೆಟ್ರೋಲ್ ಆವಿ ಬಿಸಿಲಿಗೆ ಬಿದ್ರೆ ಓಝೋನ್ ಹುಟ್ಟುತ್ತೆ ಎಂದು ತೋರಿಸಿದವರು ವಿಜ್ಞಾನಿ ಆರಿ ಹಾಗನ್-ಸ್ಮಿಟ್. ಆಮೇಲೆ ಆವಿಗೂ ಲೆಕ್ಕ ಬಂತು.

ಕ್ಯಾಲಿಫೋರ್ನಿಯಾದಲ್ಲಿ 1970ರ, ಇಡೀ ಅಮೆರಿಕದಲ್ಲಿ 1971ರ ಮಾದರಿ ಕಾರುಗಳಿಂದ ಆವಿಗೆ ಮಿತಿ. ಆಗ ಆವಿ ಹೊರಬರೋ ಬಾಯಿಗಳಿಗೆ ಇದ್ದಿಲಿನ ಡಬ್ಬಿ ಕಟ್ಟಿ, ಅದರ ತೂಕ ಎಷ್ಟು ಏರ್ತು ಅಂತ ನೋಡ್ತಿದ್ರು. ಬೇರೆ ಸಂದಿಯಿಂದ ಸೋರಿದ್ದು ಲೆಕ್ಕಕ್ಕೇ ಬರ್ತಿರಲಿಲ್ಲ. 1978ರ ಮಾದರಿಗಳಿಂದ ಇಡೀ ಕಾರನ್ನೇ ಮುಚ್ಚಿದ ಕೋಣೆಯಲ್ಲಿಟ್ಟು ಒಳಗಿನ ಗಾಳಿಯನ್ನು ಅಳೆಯೋಕೆ ಶುರು ಮಾಡಿದ್ರು. ಆ ಕೋಣೆಯ ಹೆಸರು ಶೆಡ್! ನಮ್ಮ ಅಡಿಕೆ ಶೆಡ್ ಅಲ್ಲ ಮತ್ತೆ.

ಆದ್ರೆ ಅಲ್ಲೂ ಅಳೆದದ್ದು ನಿಂತ ಗಾಡಿಯ ಆವಿ ಮಾತ್ರ. ಏಪ್ರಿಲ್ ಬಿಸಿಲಲ್ಲಿ ಕಾನಸೂರಿಂದ ಶಿರಸಿಗೆ ಹೊರಟ್ರೆ ರಸ್ತೆ ಕಾವು, ಎಂಜಿನ್ ಕಾವು ಎರಡೂ ಟ್ಯಾಂಕಿಗೆ ತಾಗುತ್ತೆ. ಆವಿ ಜಾಸ್ತಿಯಾಗಿ ಡಬ್ಬಿಗೂ ತಡೆಯದಿದ್ರೆ ದಾರಿಯುದ್ದಕ್ಕೂ ಸೋರುತ್ತೆ. ಇದನ್ನೂ ಅಳೆಯಲೇಬೇಕು ಅಂತ ಅಮೆರಿಕ 1993ರಲ್ಲಿ ನಿಯಮ ಮಾಡ್ತು: ಸುಮಾರು 35 ಡಿಗ್ರಿ ಸೆಖೆಯಲ್ಲಿ ಕಾರನ್ನು ರೋಲರ್ ಮೇಲೆ ಓಡಿಸಿ ಆವಿ ಹಿಡಿಯಬೇಕು, ಮಿತಿ ಮೈಲಿಗೆ 0.05 ಗ್ರಾಂ.

ನಮ್ಮಲ್ಲಿ? ಬಿಎಸ್-4 ಜೊತೆ, 2017ರ ಏಪ್ರಿಲ್‌ನಿಂದ ಬೈಕು, ಸ್ಕೂಟರಿನ ಆವಿಗೂ ಮಿತಿ ಬಂತು. 2020ರ ಬಿಎಸ್-6ರಲ್ಲಿ ಅದು ಪರೀಕ್ಷೆಗೆ 1.5 ಗ್ರಾಂ. ಆದ್ರೆ ಗಾಡಿ ಓಡುವಾಗ ಸೋರೋ ಆವಿಗೆ ಪ್ರತ್ಯೇಕ ಪರೀಕ್ಷೆ ಬಿಎಸ್-6ರಲ್ಲೂ ಇಲ್ಲ. ನಾವು ಮಾಡಿಸೋ ಎಮಿಷನ್ ಟೆಸ್ಟ್ ನೋಡೋದು ಸೈಲೆನ್ಸರನ್ನ ಮಾತ್ರ. ಕೆಎ-31 ಗಾಡಿಯ ಸರ್ಟಿಫಿಕೇಟಲ್ಲಿ 'ಪಾಸ್' ಅಂತಿದ್ರೂ ಟ್ಯಾಂಕಿನ ಮುಚ್ಚಳದ ಸುದ್ದಿ ಅದರಲ್ಲಿಲ್ಲ.

ಈ ಆವಿಯಲ್ಲಿ ಕ್ಯಾನ್ಸರ್ ತರಬಲ್ಲ ಬೆಂಝೀನ್ ಇದೆ. ಅದಕ್ಕೇ ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸಬೇಡಿ. ಪೆಟ್ರೋಲೇ ಡಬ್ಬಿಗೆ ನುಗ್ಗಿದ್ರೆ ಇದ್ದಿಲು ಕೆಲಸಕ್ಕೆ ಬರಲ್ಲ. ಮುಚ್ಚಳ ಬಿಗಿ ಮಾಡಿ. ನಿಲ್ಲಿಸಿದ ಗಾಡಿ ಪೆಟ್ರೋಲ್ ವಾಸನೆ ಹೊಡೀತಿದ್ರೆ ಮೆಕ್ಯಾನಿಕ್‌ಗೆ ತೋರಿಸಿ. ಅಳತೆಗೆ ಸಿಗದ್ದು ಮೂಗಿಗಾದ್ರೂ ಸಿಗುತ್ತೆ.

ನಿಮ್ಮ ಸ್ಕೂಟರಲ್ಲಿ ಡಬ್ಬಿ ಎಲ್ಲಿದೆ? ಹುಡುಕಿ, ಕಾಮೆಂಟಲ್ಲಿ ಹೇಳಿ.

#ಕಾನಸೂರು #ಶಿರಸಿ #ಸಿದ್ದಾಪುರ #ಗಾಡಿಇತಿಹಾಸ