ಅಳಿವೆಯ ಮರಳು: ಉಪಗ್ರಹ ಚಿತ್ರ ಮತ್ತು ಜನಸ್ಮೃತಿ

ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನಲ್ಲಿ ಒಂದೇ ಅಳಿವೆಯ ಮೂಲಕ ಕಡಲು ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಮರಳುದಿಬ್ಬಗಳು ಚಾಚಿಕೊಂಡಿವೆ. ಇವು ಸ್ಥಿರವಾದ ನೆಲವಲ್ಲ. ಅಲೆ ಮತ್ತು ನೆರೆಗಳಿಂದ ಬೆಳೆಯುತ್ತವೆ, ಸವೆಯುತ್ತವೆ.

1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್, 1988ರಲ್ಲಿ ಭಾರತದ ಐಆರ್‌ಎಸ್-1ಎ ಕಕ್ಷೆ ಸೇರಿದ ಮೇಲೆ ಇಂತಹ ಚಲನೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದು ಸಾಧ್ಯವಾಯಿತು. ಅವಕೆಂಪು ಚಿತ್ರದಲ್ಲಿ ನೀರು ಕಪ್ಪಾಗಿ, ಮರಳು ಬೆಳ್ಳಗೆ ಕಾಣುವುದರಿಂದ ದಡದ ಗೆರೆ ಸ್ಪಷ್ಟವಾಗುತ್ತದೆ. ಆದರೆ ಇಳಿತದ ಹಳೆಯ ಚಿತ್ರವನ್ನು ಉಬ್ಬರದ ಹೊಸ ಚಿತ್ರದೊಡನೆ ಹೋಲಿಸಿದರೆ ಇಲ್ಲದ ಕೊರೆತವೂ ಕಾಣಿಸೀತು.

ದಿಬ್ಬ ಹೆಚ್ಚು ಬದಲಾಗುವ ಮಳೆಗಾಲದಲ್ಲಿಯೇ ಮೋಡವು ದಡವನ್ನು ಮರೆಮಾಡುತ್ತದೆ. ರೇಡಾರ್ ಉಪಗ್ರಹಗಳು ಮೋಡವನ್ನು ಭೇದಿಸಬಲ್ಲವು. ಅವುಗಳಿಗೂ ಹಿಂದಿನ ಮಳೆಗಾಲಗಳಿಗೆ ಅಳಿವೆ ದಾಟಿದ ಮೊಗವೀರರ ನೆನಪು ಮುಖ್ಯ ಆಕರ. ದಿಬ್ಬದ ಮೇಲೆ ಮನೆಗಳಿರುವುದರಿಂದ ಎರಡನ್ನೂ ಒಟ್ಟಿಗೆ ಓದುವುದು ಅಗತ್ಯ.